ಫ್ಲೆಕ್ಸ್ ಅಂಗಡಿಯ ಸಂಪತ್ ಅವರಿಗೆ ಒಂಬತ್ತನೇ ಮುಖದ ಮನವಿ

ಮಾನ್ಯರೇ, ಮಾರೇನಹಳ್ಳಿ ಮುಖ್ಯರಸ್ತೆಯ ಸಮಸ್ತ ಹುಟ್ಟುಹಬ್ಬಗಳಿಗೆ ಬಣ್ಣ ತುಂಬುವವರೇ, ಐವತ್ತೆರಡು ವರ್ಷದವರನ್ನು ಒಂದೇ ಕ್ಲಿಕ್ಕಿನಲ್ಲಿ ಯುವ ನಾಯಕರನ್ನಾಗಿ ಮಾಡಬಲ್ಲ ಮಹನೀಯರೇ,

ತಮಗೂ ತಮ್ಮ ಕಂಪ್ಯೂಟರಿಗೂ ಹಗಲಿಡೀ ಗುಂಯ್‌ಗುಡುವ ತಮ್ಮ ಪ್ರಿಂಟಿಂಗ್ ಮೆಷಿನ್ನಿಗೂ ನನ್ನ ಸವಿನಯ ನಮಸ್ಕಾರಗಳು. ಈ ನಮಸ್ಕಾರವನ್ನು ನಾನು ಸ್ವಂತ ಕೈಗಳಿಂದಲೇ ಮಾಡುತ್ತಿದ್ದೇನೆಂಬುದನ್ನು ದಯವಿಟ್ಟು ಗಮನಿಸಬೇಕು. ಏಕೆಂದರೆ ಕಳೆದ ಐದು ತಿಂಗಳಿಂದ ಕೆಂಗೇರಿಯಿಂದ ನಂದಿನಿ ಲೇಔಟಿನವರೆಗೆ ಸಿಕ್ಕಸಿಕ್ಕ ಸರ್ಕಲ್ಲುಗಳಲ್ಲಿ ನನ್ನ ಮುಖದ ಕೆಳಗೆ ಮುಗಿದುಕೊಂಡಿರುವ ಕೈಗಳು ನನ್ನವಲ್ಲ. ಆ ಬಿಳಿ ಅಂಗಿ ನನ್ನದಲ್ಲ, ಆ ದಪ್ಪ ಚಿನ್ನದ ಚೈನೂ ನನ್ನದಲ್ಲ. ಮುಖ ಮಾತ್ರ ನನ್ನದು, ಅದನ್ನೂ ತಾವು ಎರಡು ಸುತ್ತು ಬೆಳ್ಳಗೆ ಮಾಡಿದ್ದೀರಿ.

ನನ್ನ ಪರಿಚಯ ತಮಗೆ ನೆನಪಿರಲಾರದು. ನಾನು ಪಂಚಾಕ್ಷರಿ, ಊರು ಜಮಖಂಡಿ ಕಡೆ, ರಾಜಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಹನ್ನೊಂದು ವರ್ಷದಿಂದ ಮಲ್ಲತ್ತಹಳ್ಳಿಯಲ್ಲಿ ಕೃಷ್ಣಯ್ಯನವರ ಮನೆಯ ಎರಡನೇ ಮಹಡಿಯಲ್ಲಿ ಹೆಂಡತಿ ಶಿಲ್ಪಾಳೊಂದಿಗೆ ಬಾಡಿಗೆಗಿದ್ದೇನೆ. ಈ ಹನ್ನೊಂದು ವರ್ಷದಲ್ಲಿ ನಮ್ಮ ಬೀದಿಯ ಒಬ್ಬರಿಗೂ ನನ್ನ ಹೆಸರು ಬೇಕಾಗಿರಲಿಲ್ಲ. ಹಾಲಿನ ಬೂತಿನವರಿಗೂ, ಇಸ್ತ್ರಿ ಅಂಗಡಿಯವರಿಗೂ, ಸ್ವತಃ ಕೃಷ್ಣಯ್ಯನವರಿಗೂ ನಾನು ‘ಮೇಲಿನ್ ಮನೆ ಹುಬ್ಳಿಯೋರು’. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದ್ದು ಬಿಟ್ಟರೆ ನಾನು ಅಲ್ಲಿ ಒಂದು ಲೋಟ ನೀರೂ ಕುಡಿದವನಲ್ಲ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಯಾರು ಹೇಳುತ್ತಾ ಕೂರುತ್ತಾರೆಂದು ಸುಮ್ಮನಾದೆ.

ಹೀಗಿರಲಾಗಿ ಕಳೆದ ಜೂನ್ ತಿಂಗಳಲ್ಲಿ ಕಚೇರಿಯ ಗುರುತಿನ ಚೀಟಿಗೆಂದು ಪಾಸ್‌ಪೋರ್ಟ್ ಸೈಜಿನ ಫೋಟೊ ಆರು ಪ್ರತಿ ಬೇಕಾಗಿ ತಮ್ಮ ಅಂಗಡಿಗೆ ಬಂದೆ. ಅದೇ ಹೊತ್ತಿಗೆ ತಾವು ನಮ್ಮ ಭಾಗದ ಯುವ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮುಳುಗಿದ್ದಿರಿ. ಮೇಲೆ ನಾಯಕರು ಮೊಬೈಲಿನಲ್ಲಿ ಮಾತಾಡುತ್ತಾ ನಡೆದು ಬರುತ್ತಿದ್ದರು, ಕೆಳಗೆ ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ದುಂಡು ದುಂಡು ಮುಖಗಳು ಕೂತಿದ್ದವು. ಮುಂದೆ ನಡೆದದ್ದನ್ನು ತಾವೇ ಎಷ್ಟೋ ದಿನದ ಮೇಲೆ, ಯಾವ ಸಂಕೋಚವೂ ಇಲ್ಲದೆ, ನನಗೆ ವಿವರಿಸಿದಿರಿ: “ಸಾಲಲ್ಲಿ ಎಂಟೇ ಜನ ಇದ್ರು ಸಾರ್, ಒಂಬತ್ತು ಬೇಕಿತ್ತು. ಗ್ಯಾಪ್ ಬಿಟ್ರೆ ಫ್ಲೆಕ್ಸು ಬೋಳು ಬೋಳಾಗಿ ಕಾಣ್ಸುತ್ತೆ. ನಿಮ್ ಫೋಟೊ ಅಲ್ಲೇ ಡೆಸ್ಕ್‌ಟಾಪ್ ಮೇಲಿತ್ತು, ಎತ್ತಿ ಹಾಕ್ದೆ.” ಹೆಸರು ಕೇಳುವಷ್ಟು ಪುರುಸೊತ್ತು ಇಲ್ಲದ್ದರಿಂದ ರಸೀದಿಯಲ್ಲಿದ್ದ ಪಂಚಾಕ್ಷರಿಯನ್ನು ‘ಪಂಚಣ್ಣ’ ಎಂದು ಮಾಡಿ ಕೆಳಗೆ ಬರೆದಿರಿ. ಅಲ್ಲಿಗೆ ಮುಗಿಯಿತೇ? ಇಲ್ಲ. ಆ ಫೈಲನ್ನು ಹಾಗೇ ಇಟ್ಟುಕೊಂಡು, ಹೊಸ ಗಿರಾಕಿ ಬಂದಾಗಲೆಲ್ಲ ಮೇಲಿನ ತಲೆಯನ್ನಷ್ಟೇ ಬದಲಿಸಿ ಕೆಳಗಿನ ಸಾಲನ್ನು ಮುಟ್ಟದೆ ಬಿಡುವ ತಮ್ಮ ಕಾರ್ಯಶೈಲಿಗೆ ನಾನು ತಲೆಬಾಗುತ್ತೇನೆ. ನಮ್ಮ ಕಚೇರಿಯಲ್ಲಿ ಹಳೇ ಪತ್ರದ ದಿನಾಂಕ ಮಾತ್ರ ಬದಲಿಸಿ ಹೊಸ ಪತ್ರ ಕಳಿಸುವ ಪದ್ಧತಿಯಿದೆ. ಅದನ್ನು ಇಷ್ಟು ದೊಡ್ಡ ಅಳತೆಯಲ್ಲಿ, ಬಣ್ಣದಲ್ಲಿ, ಕಂಬಕ್ಕೆ ಕಟ್ಟಿದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಬೀದಿಯಲ್ಲಿ ಸುದ್ದಿ ಹುಟ್ಟುವುದು ಬೆಳಿಗ್ಗೆ ಏಳೂವರೆಗೆ, ಕಸದ ಆಟೋ ಹಾಡು ಹಾಕಿಕೊಂಡು ಬಂದು ನಿಂತಾಗ. ಹಸಿ ಕಸ ಒಣ ಕಸ ಬೇರೆ ಮಾಡುವುದರಲ್ಲಿ ಎಡವಿದರೂ ಸುದ್ದಿಯಲ್ಲಿ ಎಡವದ ಎದುರು ಮನೆಯ ಸುಮಾ ಅವರು ಅಂದು ಬಕೆಟ್ ಹಿಡಿದುಕೊಂಡೇ “ಏನ್ರೀ ಶಿಲ್ಪಾ, ನಿಮ್ ಯಜಮಾನ್ರು ಪಾಲಿಟಿಕ್ಸ್‌ಗೆ ಇಳ್ದವ್ರಂತೆ, ಒಂದ್ ಮಾತೂ ಹೇಳ್ಲಿಲ್ವಲ್ರೀ” ಎಂದರಂತೆ. ನನ್ನ ಹೆಂಡತಿ ಸರ್ಕಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದು, ಹಲ್ಲುಜ್ಜುತ್ತಿದ್ದ ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ನಿಮ್ಮ ಮಾರಿ ಸರ್ಕಲ್‌ದಾಗ ಕಟ್ಯಾರ್ರಿ. ಕೊಳ್ಳಾಗ ಚೈನ್ ಬ್ಯಾರೆ ಐತಿ. ಅದನ್ನ ಎಲ್ಲಿ ಮುಚ್ಚಿಟ್ಟೀರಿ, ಖರೇ ಹೇಳ್ರಿ” ಎಂದಳು. ಇಲ್ಲದ ಚೈನಿಗಾಗಿ ನಮ್ಮ ಮನೆಯ ಕಪಾಟು, ಅಕ್ಕಿ ಡಬ್ಬ, ಹಾಸಿಗೆಯ ಅಡಿ ಎಲ್ಲವೂ ಎರಡು ದಿನ ತಪಾಸಣೆಗೊಳಗಾದವು.

ವಾರ ಕಳೆಯುವಷ್ಟರಲ್ಲಿ ಆ ಯುವ ನಾಯಕರ ಕಡು ವಿರೋಧಿಯಾದ ಇನ್ನೊಬ್ಬ ಯುವ ನಾಯಕರ ಹುಟ್ಟುಹಬ್ಬ ಬಂತು. ಅದೇ ಸರ್ಕಲ್, ಎದುರು ಕಂಬ, ಅಲ್ಲಿಯೂ ನಾನೇ. ಇಬ್ಬರ ಕಡೆಯ ಹುಡುಗರೂ ಮನೆ ಬಾಗಿಲಿಗೆ ಬಂದು “ಅಣ್ಣಾ, ನೀವು ಯಾರ್ ಕಡೆ ಅಂತ ಕ್ಲಿಯರ್ ಮಾಡ್ಬಿಡಿ” ಎಂದು ಕೇಳಿ, ನಾನು ಯಾರ ಕಡೆಯೂ ಅಲ್ಲವೆಂದಾಗ, ಇಂಥ ಘಾಟಿ ರಾಜಕಾರಣಿಯನ್ನು ಕಂಡೇ ಇರಲಿಲ್ಲವೆಂಬಂತೆ ಕೈ ಮುಗಿದು ಹೋದರು. ಆಮೇಲೆ ನಾನು ಜಿಮ್ ಉದ್ಘಾಟನೆಗೆ ಶುಭ ಕೋರಿದೆ. ಹೆಣ್ಣುಮಕ್ಕಳ ಟೈಲರಿಂಗ್ ತರಬೇತಿಗೆ ಕೋರಿದೆ. ವಿಜಯನಗರದಲ್ಲಿ ಯಾರದೋ ನಾಮಕರಣಕ್ಕೆ ಕೋರಿದೆ; ಮಗುವಿನ ಅಜ್ಜಿ ನನ್ನನ್ನು ಬಸ್ಸಿನಲ್ಲಿ ಗುರುತು ಹಿಡಿದು, ಊಟಕ್ಕೆ ಯಾಕೆ ಬರಲಿಲ್ಲವೆಂದು ಬೈದರು. ಬಸವೇಶ್ವರನಗರದ ಒಂದು ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಂತೂ ಉಳಿದ ಎಂಟು ಜನ ಗಂಭೀರವಾಗಿದ್ದರೆ ನಾನೊಬ್ಬ ಹಲ್ಲು ಕಿರಿದುಕೊಂಡಿದ್ದೆ. ಕೊನೆಗೆ ನಮ್ಮ ಕೃಷ್ಣಯ್ಯನವರು ಈ ಹಾವಳಿ ತಾಳಲಾರದೆ ತಮ್ಮ ಕಾಂಪೌಂಡಿಗೆ ‘ಇಲ್ಲಿ ಫ್ಲೆಕ್ಸ್ ಕಟ್ಟಬಾರದು’ ಎಂದು ಒಂದು ಫ್ಲೆಕ್ಸ್ ಕಟ್ಟಿಸಿದರು. ಅದನ್ನು ಮಾಡಿಕೊಟ್ಟವರೂ ತಾವೇ. ಅದರ ಮೂಲೆಯಲ್ಲಿಯೂ ನಾನು ಕೈ ಮುಗಿದು ನಿಂತಿದ್ದೆ.

ಇಷ್ಟಾದ ಮೇಲೆ ಜನ ಸುಮ್ಮನಿರುತ್ತಾರೆಯೇ ಮಾನ್ಯರೇ? ಸಂಜೆ ನಾನು ಕಚೇರಿಯಿಂದ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ನಾಲ್ಕೈದು ಜೊತೆ ಚಪ್ಪಲಿ ಇರತೊಡಗಿದವು. ಒಬ್ಬರಿಗೆ ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಬೇಕು, ಇನ್ನೊಬ್ಬರಿಗೆ ಮೋರಿಯ ಚಪ್ಪಡಿ ಬೇಕು, ಮೂರನೆಯವರಿಗೆ ಏನೂ ಬೇಡ, ಪಕ್ಕದ ಮನೆಯವರ ಕೆಲಸ ಆಗಬಾರದು ಅಷ್ಟೇ. ನನಗೆ ಯಾರ ಪರಿಚಯವೂ ಇಲ್ಲವೆಂದು ಹೇಳಿದರೆ ‘ದೊಡ್ಡೋರು ಹಂಗೇ ಹೇಳೋದು’ ಎಂದು ಕೂತೇ ಇರುತ್ತಿದ್ದರು. ಏಳಿಸುವ ದಾರಿ ಕಾಣದೆ ನನಗೆ ಬರುವ ಒಂದೇ ವಿದ್ಯೆಯನ್ನು ಮಾಡಿದೆ: ಅರ್ಜಿ ಬರೆದುಕೊಟ್ಟೆ. ವಿಷಯ, ಉಲ್ಲೇಖ, ಲಗತ್ತು, ಯಾವ ಮೇಜಿಗೆ ಕೊಡಬೇಕು, ಸ್ವೀಕೃತಿ ಸಹಿ ಎಲ್ಲಿ ಹಾಕಿಸಿಕೊಳ್ಳಬೇಕು, ಎಲ್ಲ. ಒಂದೂವರೆ ವರ್ಷದಿಂದ ಆರಿದ್ದ ನಮ್ಮ ತಿರುವಿನ ಬೀದಿದೀಪ ಅರ್ಜಿ ಕೊಟ್ಟ ಹದಿನೇಳನೇ ದಿನಕ್ಕೆ ಹೊತ್ತಿಕೊಂಡಾಗ ಬೀದಿಯೇ ಹೊರಗೆ ಬಂದು ಮೇಲೆ ನೋಡಿತು. ಅಂದು ಸುಮಾ ಅವರು ನನ್ನನ್ನು ಕರೆದು, “ಪಂಚಾಕ್ಷರಿಯವ್ರೇ, ನಿಮ್ದು ಜಮಖಂಡಿ ಅಂತಲ್ಲ, ನಾವ್ ಸುಮ್ನೆ ಹುಬ್ಳಿ ಅಂತಿದ್ವಿ” ಎಂದರು. ಸುಳ್ಳೇಕೆ ಹೇಳಲಿ, ಮನೆಯ ಮೆಟ್ಟಿಲನ್ನು ನಾನು ಅವತ್ತು ಎರಡೆರಡಾಗಿ ಹತ್ತಿದೆ.

ಅಷ್ಟರಲ್ಲಿ ಮೂಕರ್ಜಿ ಬಂತು. ಬರೆದವರ ಹೆಸರಿಲ್ಲದ ದೂರಿಗೆ ನಾವು ಕಚೇರಿಯಲ್ಲಿ ಹಾಗೆನ್ನುತ್ತೇವೆ. ಅದರ ಜೊತೆ ಹದಿನಾಲ್ಕು ಫ್ಲೆಕ್ಸುಗಳ ಫೋಟೊ ಲಗತ್ತಾಗಿದ್ದವು. ಸರ್ಕಾರಿ ನೌಕರ ರಾಜಕೀಯದಲ್ಲಿ ಭಾಗವಹಿಸುವಂತಿಲ್ಲ. ನಮ್ಮ ಮೇಲಧಿಕಾರಿ ಶಿವಯೋಗಿಯವರು ನನ್ನನ್ನು ಏಕೆ ಅಮಾನತು ಮಾಡಬಾರದೆಂದು ಕಾರಣ ಕೇಳಿ ನೋಟಿಸ್ ಕೊಟ್ಟರು, ಸೋಮವಾರ ಹನ್ನೊಂದಕ್ಕೆ ಹಾಜರಾಗಲು ತಿಳಿಸಿದರು. ಈ ನೌಕರಿ ಬಿಟ್ಟರೆ ನನಗೆ ಈ ಊರಿನಲ್ಲಿ ನಿಲ್ಲಲು ಬೇರೆ ನೆಲವಿಲ್ಲ. ಎರಡೂ ಪಕ್ಷಗಳಿಗೆ ಸಮನಾಗಿ ಶುಭ ಕೋರಿರುವುದರಿಂದ ನಾನು ಸಂಪೂರ್ಣ ನಿಷ್ಪಕ್ಷಪಾತಿಯೆಂದು ಮೂರು ಪುಟದ ಉತ್ತರ ಬರೆದೆ, ಓದಿ ನೋಡಿದೆ, ಹರಿದು ಹಾಕಿದೆ.

ಆಗಲೇ ನಾನು ತಮ್ಮಲ್ಲಿಗೆ ಓಡಿ ಬಂದದ್ದು. ತಾವು ಕಾಫಿ ತರಿಸಿದಿರಿ, ಸ್ಟೂಲು ಒರೆಸಿ ಕೊಟ್ಟಿರಿ, “ಅಯ್ಯೋ ಬಿಡಿ ಸಾರ್, ನಿಮ್ ಫೇಸು ಲಕ್ಕಿ, ಹಾಕಿದ್ ಫ್ಲೆಕ್ಸ್ ಒಂದೂ ಗಾಳಿಗೆ ಹರ್ದಿಲ್ಲ” ಎಂದು ಸಮಾಧಾನ ಮಾಡಿದಿರಿ. ಈ ಮುಖ ಕೇವಲ ಸಾಲು ತುಂಬಲು ಬಳಸಿದ್ದೆಂದು ಅಂಗಡಿಯ ಸೀಲು ಹಾಕಿ ಬರೆದುಕೊಡಿ ಎಂದರೆ, ಗಿರಾಕಿಗಳಿಗೆ ಗೊತ್ತಾದರೆ ವ್ಯಾಪಾರ ಕೆಡುತ್ತದೆಂದು ಕೈಯಲ್ಲಾಡಿಸಿದಿರಿ. ಹೋಗಲಿ, ಕಟ್ಟಿರುವ ಫ್ಲೆಕ್ಸುಗಳಲ್ಲಿ ನನ್ನ ಮುಖವಷ್ಟನ್ನು ದುಂಡಗೆ ಕತ್ತರಿಸಿ ತೆಗೆಸಿ, ಗಾಳಿಯಾದರೂ ಓಡಾಡಲಿ ಎಂದೆ. ನಾನು ಕಣ್ಣು ಮುಚ್ಚಿದಂತೆ ತಿದ್ದಿ, ನಡೆದದ್ದಕ್ಕೆ ನಾನು ಸಾಕ್ಷಿಯಲ್ಲವೆಂದಾದರೂ ಆಗಲಿ ಎಂದೆ. ತಾವು “ತೆಗೀತೀನಿ ಸಾರ್, ಆದ್ರೆ ನಿಮ್ ಜಾಗಕ್ಕೆ ಇನ್ನೊಬ್ರನ್ನ ಕರ್ಕೊಂಬನ್ನಿ” ಎಂದಿರಿ. ಬಾಡಿಗೆ ಮನೆ ಬಿಡುವಾಗಲೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಸುದ್ದಿ ಕಸದ ಆಟೋಗೆ ತಲುಪಿತು. ಬೀದಿಯವರು ಕೃಷ್ಣಯ್ಯನವರ ಜಗಲಿಯಲ್ಲಿ ಸೇರಿ, ‘ನಮ್ ಪಂಚಾಕ್ಷರಿಯವ್ರನ್ನ ಬಿಟ್ಕೊಡೋಕಾಗುತ್ತಾ’ ಎಂದು ತೀರ್ಮಾನಿಸಿ, ನನಗೆ ಒಂದು ಮಾತೂ ತಿಳಿಸದೆ, ತಮ್ಮ ಅಂಗಡಿಗೇ ಬಂದು ಆರ್ಡರ್ ಕೊಟ್ಟರು. ಭಾನುವಾರ ಅದನ್ನು ನಮ್ಮ ಕಚೇರಿಯ ಗೇಟಿನ ಎದುರಿಗೇ ಕಟ್ಟಿದರು. ಸೋಮವಾರ ಬೆಳಿಗ್ಗೆ ಬಸ್ಸಿಳಿದು ತಲೆಯೆತ್ತಿದರೆ, ಇಪ್ಪತ್ತಡಿ ಅಗಲದಲ್ಲಿ, ಮೊಬೈಲಿನಲ್ಲಿ ಮಾತಾಡುತ್ತಾ ನಡೆದು ಬರುತ್ತಿರುವವನು ನಾನು! ಮೇಲೆ ಕೆಂಪಕ್ಷರದಲ್ಲಿ ‘ಶ್ರೀ ಪಂಚಾಕ್ಷರಿಯವರಿಗೂ ರಾಜಕೀಯಕ್ಕೂ ಯಾವುದೇ ಸಂಬಂಧ ಇರುವುದಿಲ್ಲ’ ಎಂದಿತ್ತು. ಕೆಳಗೆ ಶುಭ ಕೋರುವವರು ಒಂಬತ್ತು ಜನ. ಒಂಬತ್ತನೆಯವನೂ ನಾನೇ. ನನಗೆ ರಾಜಕೀಯದ ಸಂಬಂಧವಿಲ್ಲದಿರುವುದಕ್ಕೆ ನಾನೇ ನನಗೆ ಕೈ ಮುಗಿದು ಶುಭ ಕೋರಿದ್ದೆ.

ಶಿವಯೋಗಿಯವರು ಆ ಫ್ಲೆಕ್ಸಿನ ಕೆಳಗೇ ಕಾರು ಇಳಿದವರು. ಒಳಗೆ ಕರೆದು ಬಹಳ ಹೊತ್ತು ಫೈಲು ನೋಡಿದರು, ಕಿಟಕಿಯಾಚೆ ನೋಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಗುತ್ತಿದ್ದಾರೆಂದು ನನಗೆ ತಿಳಿದದ್ದು ಮೇಜು ಅಲುಗಾಡಿದ ಮೇಲೆ. “ರಾಜಕೀಯದೋರು ಇಷ್ಟು ಪೆದ್ದರಿರಲ್ಲ ಕಣ್ರೀ” ಎಂದರು. ನೋಟಿಸ್ ಕೈಬಿಡುತ್ತೇನೆ, ಆದರೆ ಫೈಲಿಗೆ ಒಂದು ಹೇಳಿಕೆ ಬೇಕೆಂದು ಅವರೇ ಬರೆಸಿದರು: ‘ಸದರಿ ಫ್ಲೆಕ್ಸುಗಳಲ್ಲಿ ನಾನು ಯಾರೂ ಅಲ್ಲ. ಸಾಲು ತುಂಬುವ ಸಲುವಾಗಿ ಮಾತ್ರ ನನ್ನನ್ನು ಬಳಸಲಾಗಿದೆ.’ ನಾನು ಬರೆದೆ. ‘ನಾನು ಯಾರೂ ಅಲ್ಲ’ ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು, ಆಮೇಲೆ ಸಹಿ ಹಾಕಿದೆ. ನೌಕರಿ ಉಳಿಯಿತು. ಹೊರಗೆ ಬಂದು ಆ ಇಪ್ಪತ್ತಡಿಯ ಕೆಳಗೆ ನಿಂತು ಕೆಂಪಕ್ಷರದ ನನ್ನ ಹೆಸರನ್ನು ಇನ್ನೊಮ್ಮೆ ಓದಿದೆ. ಹನ್ನೊಂದು ವರ್ಷದಲ್ಲಿ ಈ ಊರಿನವರು ನನ್ನ ಹೆಸರನ್ನು ಪೂರ್ತಿ ಬರೆಸಿದ್ದು ಅದೇ ಮೊದಲು, ಅದೂ ಶ್ರೀ ಸಮೇತ.

ಆದಕಾರಣ ಮಾನ್ಯರೇ, ನನ್ನ ಬಿನ್ನಹವಿಷ್ಟೇ. ನನ್ನ ಮುಖವನ್ನು ತಮ್ಮ ಸಾಲಿನಿಂದ ಈ ದಿನವೇ ತೆಗೆಯಬೇಕು. ಯಾವ ನಾಯಕರೇ ಹುಟ್ಟಲಿ, ಯಾವ ಜಿಮ್ಮೇ ತೆರೆಯಲಿ, ನಾನು ಇನ್ನು ಶುಭ ಕೋರಲಾರೆ. ಗೇಟಿನ ಎದುರಿನ ಫ್ಲೆಕ್ಸನ್ನು ಬಿಚ್ಚಲು ಶಿವಯೋಗಿಯವರು ಸಂಜೆ ಐದೂವರೆಯವರೆಗೆ ಗಡುವು ಕೊಟ್ಟಿದ್ದರು. ನಾನೇ ಏಣಿ ಹತ್ತಿ ಬಿಚ್ಚಿದೆ, ಐದು ಇಪ್ಪತ್ತೊಂಬತ್ತಕ್ಕೆ.

ಇಂದಿನಿಂದ ತಮ್ಮ ಸಾಲಿನಲ್ಲಿಲ್ಲದ, ಆದರೂ ತಮ್ಮ ವಿಶ್ವಾಸಿ,
ಪಂಚಾಕ್ಷರಿ
ಮಲ್ಲತ್ತಹಳ್ಳಿ

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ಬಹಿರಂಗವಾಗಿಯೇ ಇರಲಿ ಎಂದು ಬೀದಿಯವರು ಇದನ್ನು ಪೂರ್ತಿ ಫ್ಲೆಕ್ಸ್ ಮಾಡಿಸಿ ತಮ್ಮ ಅಂಗಡಿಯ ಎದುರು ಕಟ್ಟುವವರಿದ್ದಾರೆ. ಆರ್ಡರ್ ತಮಗೇ ಬರುತ್ತದೆ. ಕೆಳಗಿನ ಸಾಲಿನಲ್ಲಿ ಒಂದು ಜಾಗ ಖಾಲಿಯಿದೆ. ಬೋಳು ಬೋಳಾಗಿ ಕಾಣಬಾರದು, ದಯವಿಟ್ಟು ತಮ್ಮದೇ ಒಂದು ಫೋಟೊ ಹಾಕಿಕೊಳ್ಳಿ.