ನನ್ನ ಕಾರಿಗೆ ಟ್ರ್ಯಾಕ್ಷನ್ ಹಾಕಿಸಲು ಹೋಗಿ

ಬೇರೆಯವರು ಗ್ಯಾರೇಜಿಗೆ ಹೋದರೆ ಗಾಡಿ ರಿಪೇರಿಯಾಗಿ ಬರುತ್ತದೆ. ನಾನು ಹೋದರೆ ಏನಾದರೊಂದು ಕಥೆಯಾಗಿ ಬರುತ್ತದೆ. ಇದು ನನ್ನ ಹಣೆಬರಹವೋ, ನಾನು ಮಾತಾಡುವ ರೀತಿಯೋ ಇವತ್ತಿಗೂ ತಿಳಿದಿಲ್ಲ. ಅದರಲ್ಲೂ ಟ್ರ್ಯಾಕ್ಷನ್ ಅನ್ನುವ ಒಂದು ಶಬ್ದ ನನ್ನನ್ನು ಬೀದರ್ ಜಿಲ್ಲೆಯ ತುಂಬ ತಿರುಗಿಸಿದಷ್ಟು ಯಾವ ಕನ್ನಡ ಶಬ್ದವೂ ತಿರುಗಿಸಿಲ್ಲ. ಹಾಗೆ ನೋಡಿದರೆ ನಾನು ಕಲಿಸುವುದು ಕನ್ನಡವೇ.

ಬರಗಾಲದ ಕೆಸರು

ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಎಕಂಬಾ ಕಡೆ ನಾನು ಕಲಿಸುತ್ತಿದ್ದ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ. ಜನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹತ್ತನೇ ಕ್ಲಾಸಿನ ಹುಡುಗಿಯರನ್ನು ಮಾತ್ರ ಪರೀಕ್ಷೆ ಮುಗಿಯಲಿ ಎಂದು ಅಜ್ಜಿಯರ ಹತ್ತಿರ ಬಿಟ್ಟಿದ್ದರು. ಹತ್ತುವವರಿಲ್ಲದೆ ಬಸ್ಸೂ ಮನಸ್ಸು ಬಂದಾಗ ಬರುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಗೂ ಮುಖ್ಯ ಪರೀಕ್ಷೆಗೂ ಕೇಂದ್ರ ಔರಾದಿನಲ್ಲಿ. ಹಾಗಾಗಿ ಮೂವರು ಹುಡುಗಿಯರನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದೂ ನನ್ನ ಹಳೆಯ ಕಾರಿನದೂ ಆಯಿತು. ನಮ್ಮ ಅಪ್ಪ ನಿವೃತ್ತರಾದಾಗ ಅವರಿಂದ ನನಗೆ ಬಂದ ಕಾರು ಅದು.

ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನವೇ ಅದು ಊರ ಬಾಗಿಲಲ್ಲಿ ಕೂತುಬಿಟ್ಟಿತು. ನೀರಿನ ಟ್ಯಾಂಕರ್ ನಿಲ್ಲುವ ಜಾಗ. ಟ್ಯಾಂಕರ್ ಸೋರಿ ಸೋರಿ ಅಲ್ಲಿಯ ಕರಿಮಣ್ಣು ತುಪ್ಪದ ಹಾಗಾಗಿತ್ತು. ಮುಂದಿನ ಎಡಗಡೆಯ ಗಾಲಿ ಗರಗರ ತಿರುಗುತ್ತಿತ್ತು, ಬಲಗಡೆಯದು ತನಗೆ ಸಂಬಂಧವೇ ಇಲ್ಲ ಎನ್ನುವಂತೆ ಸುಮ್ಮನಿತ್ತು. ದೂಡಲು ಊರಲ್ಲಿ ಗಂಡಸರಿಲ್ಲ. ಕೊಡ ಇಟ್ಟು ಅಜ್ಜಿಯರೇ ಬಂದರು. ಒಬ್ಬ ಮುದುಕಿ ಎಡಗಾಲಿಯ ಪಕ್ಕದಲ್ಲೇ ಕೈಹಚ್ಚಿದಳು. ನಾನು ಎಕ್ಸಿಲರೇಟರ್ ಒತ್ತಿದೆ. ಮುದುಕಿ ಅಡಿಯಿಂದ ಮುಡಿಯವರೆಗೆ ಕೆಸರಾದಳು.

ನಾನು ಇಳಿದು ಓಡಿ ಕೈಮುಗಿದೆ. "ತಪ್ಪಾಯ್ತು ಯವ್ವಾ!"

ಅವಳು ಗಲ್ಲದ ಮೇಲಿನ ಕೆಸರು ಮುಟ್ಟಿ ನೋಡಿಕೊಂಡಳು. "ಇರ್ಲಿ ತಾಯಿ. ಮೈಮ್ಯಾಲ ಕೆಸರು ಬಿದ್ದು ಎರಡು ವರ್ಷ ಆಗಿತ್ತು. ಇನ್ನ ಜರಾ ತಿರುಗಸು, ಬೆನ್ನಿಗಿ ಬಿದ್ದಿಲ್ಲ."

ಟ್ರ್ಯಾಕ್ಟರಿನ ವ್ಯಾಕರಣ

ಅವತ್ತು ಹುಡುಗಿಯರು ಪರೀಕ್ಷೆಗೆ ಮುಟ್ಟಿದಾಗ ಪ್ರಶ್ನೆಪತ್ರಿಕೆ ಕೊಟ್ಟಾಗಿತ್ತು. ಒಬ್ಬಳು ಅಳುತ್ತಲೇ ಬರೆಯಲು ಕೂತಳು. ಮುಖ್ಯ ಪರೀಕ್ಷೆಯಲ್ಲೂ ಹೀಗೇ ಆದರೆ ಏನು ಗತಿ ಎಂದು ನನಗೆ ಊಟ ಸೇರಲಿಲ್ಲ. ನಮ್ಮ ಸಾಲೆಯ ವಿಜ್ಞಾನದ ಸರ್ ಸಮಾಧಾನ ಹೇಳಿದರು.

"ಹೊಸ ಕಾರಿನಾಗ ಟ್ರ್ಯಾಕ್ಷನ್ ಕಂಟ್ರೋಲ್ ಅಂತ ಇರ್ತದ್ರಿ. ಒಂದು ಗಾಲಿ ಸುಮ್ಮ ತಿರಗ್ಲತ್ತಂದ್ರ ಅದನ್ನ ಹಿಡದು ಇನ್ನೊಂದಕ್ಕ ಜೋರು ಕೊಡ್ತದ."

"ನನ್ನ ಹಳೇ ಕಾರಿಗಿ ಹಾಕ್ಲಿಕ್ಕ ಬರ್ತದೇನ್ರಿ?"

"ಯಾಕ ಬರಂಗಿಲ್ರಿ? ವಿಜ್ಞಾನದಾಗ ಎಲ್ಲಾ ಬರ್ತದ."

ಸರ್ ದಿನಾ ಸಾಲೆಗೆ ನಡೆದೇ ಬರುತ್ತಿದ್ದರು ಎನ್ನುವುದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೀದಾ ಬೀದರಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗ್ಯಾರೇಜು. ಅದರ ಮೆಕ್ಯಾನಿಕ್ ಉಸ್ತಾದ ನಮ್ಮ ಅಪ್ಪನ ಕಾಲದಿಂದ ಈ ಕಾರು ನೋಡಿದವನು.

"ಟ್ರ್ಯಾಕ್ಟರ್ ಕಂಟ್ರೋಲಾ ಮೇಡಂಜಿ?" ಅಂದ.

"ಟ್ರ್ಯಾಕ್ಟರ್ ಅಲ್ಲ, ಟ್ರ್ಯಾಕ್ಷನ್."

"ಅದೇ ರೀ. ಟ್ರ್ಯಾಕ್ಟರ್ ಮಾಡೋ ಕೆಲಸಕ್ಕ ಇಂಗ್ಲಿಷಿನಾಗ ಟ್ರ್ಯಾಕ್ಷನ್ ಅಂತಾರ."

ವ್ಯಾಕರಣದ ಪ್ರಕಾರ ನೋಡಿದರೆ ಅವನ ಮಾತು ಸರಿಯೆನಿಸಿತು. ಅವನು ಬಾನೆಟ್ ಎತ್ತಿ ಒಳಗೆ ಬಹಳ ಹೊತ್ತು ನೋಡಿದ. ಏನು ನೋಡುತ್ತಿದ್ದಾನೆ ಎಂದು ನಾನೂ ಬಗ್ಗಿ ನೋಡಿದೆ.

"ಮೇಡಂಜಿ, ಈ ಗಾಡಿ ಹುಟ್ಟಿದಾಗ ಆ ಸಾಮಾನು ಹುಟ್ಟಿರಲಿಲ್ಲ. ಎಲ್ಲಿ ಕೂಡಸಬೇಕು ನನಗ ಗೊತ್ತಿಲ್ಲ, ನಿಮಗ ಗೊತ್ತಿಲ್ಲ, ಗಾಡಿಗೂ ಗೊತ್ತಿಲ್ಲ. ಒಂದ್ ಕೆಲಸ ಮಾಡ್ರಿ, ಭಾಲ್ಕಿಗಿ ಹೋಗ್ರಿ. ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅದ."

"ಅಲ್ಲಿ ಖರೇನೇ ಸಿಗ್ತದೇನು?"

"ಸಿಗಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ. ಅಂವ ಇನ್ನೊಂದು ಊರು ಹೇಳ್ತಾನ."

ಹಸಿರು ದೀಪ

ಭಾಲ್ಕಿಯ ಅಂಗಡಿಯವನು ಇನ್ನೊಂದು ಊರು ಹೇಳಲಿಲ್ಲ. ಟ್ರ್ಯಾಕ್ಷನ್ ಎಂದ ಕೂಡಲೇ "ಹೋ, ಅದ ಅದ" ಎಂದು ಒಳಗೆ ಹೋಗಿ ಒಂದು ಸ್ವಿಚ್ಚು ತಂದ. ಪಕ್ಕದ ವೈರಿಂಗ್ ಅಂಗಡಿಯವನನ್ನು ಕರೆದು ಸ್ಟೇರಿಂಗಿನ ಪಕ್ಕದಲ್ಲಿ ಕೂರಿಸಿದ. ಒತ್ತಿದರೆ ಹಸಿರು ದೀಪ ಹತ್ತಿತು.

"ಇದು ಗಾಲಿ ಹಿಡೀತದೇನ್ರಿ?" ಕೇಳಿದೆ.

"ದೀಪ ಹತ್ತೇದಿಲ್ಲೋ?"

"ಹತ್ತೇದ."

"ಮತ್ತ?"

ಈ 'ಮತ್ತ'ಕ್ಕೆ ದುಡ್ಡು ಎಣಿಸಿ ಕೊಟ್ಟೆ. ಹೇಗೂ ಭಾಲ್ಕಿಯವರೆಗೆ ಬಂದಿದ್ದೇನೆ, ತವರಿಗೆ ಹೋಗಿ ಬರೋಣ ಎಂದು ಖಟಕ ಚಿಂಚೋಳಿ ರಸ್ತೆ ಹಿಡಿದೆ. ದಾರಿಯಲ್ಲಿ ಇನ್ನೊಮ್ಮೆ ಸ್ವಿಚ್ಚು ಒತ್ತಿದೆ. ದೀಪ ಹತ್ತಿತು, ಅದರ ಜೊತೆಗೆ ಎರಡೂ ವೈಪರುಗಳು ಜೋರಾಗಿ ಆಡತೊಡಗಿದವು. ಮತ್ತೆ ಒತ್ತಿದರೆ ದೀಪ ಆರಿತು, ವೈಪರು ನಿಲ್ಲಲಿಲ್ಲ. ನೆತ್ತಿ ಸುಡುವ ಬಿಸಿಲು, ಒಣ ಗಾಜಿನ ಮೇಲೆ ಕಿರ್ರೋ ಕಿರ್ರೋ ಸದ್ದು.

ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ಕೆಲಸ ಹುಡುಕಿ ಹೊರಟವರು ಕೂತಿದ್ದರು. ನನ್ನ ಕಾರು ನೋಡಿ ಒಬ್ಬ ವಯಸ್ಸಾದವನು ಎದ್ದು ರಸ್ತೆಗೇ ಬಂದು, ಆಕಾಶದ ಕಡೆ ಅಂಗೈ ಚಾಚಿ ನಿಂತ. ನಾನು ಕಾರು ನಿಲ್ಲಿಸಲೇಬೇಕಾಯಿತು.

"ಎಲ್ಲಿ ಬಂತು ಬೇಟಿ ಮಳಿ?"

"ಮಳಿ ಅಲ್ಲ ಕಾಕಾ, ಇದು ಟ್ರ್ಯಾಕ್ಷನ್."

ಅವನು ಇನ್ನೊಮ್ಮೆ ಆಕಾಶ ನೋಡಿ, ಹೆಂಡತಿಯ ಕಡೆ ತಿರುಗಿ ಕೂಗಿದ. "ಗಂಟು ಎತ್ತು ನಡಿ. ಮಳಿ ಅಲ್ಲಂತ. ಬ್ಯಾರೇನೋ ಬಂದದ."

ಡಿಕ್ಕಿಯ ಮರಳು

ಮತ್ತೆ ಬೀದರಿಗೆ ಹೋದಾಗ ಉಸ್ತಾದ ವೈರು ಕಿತ್ತು ವೈಪರಿಗೆ ವಿಶ್ರಾಂತಿ ಕೊಟ್ಟ. ಆಮೇಲೆ ತಲೆ ಕೆರೆದುಕೊಂಡು, "ಗಾಡಿ ಹಗುರಾಗಿ ಗಾಲಿ ಜಾರ್ಲತ್ತದ. ಡಿಕ್ಯಾಗ ಭಾರ ಹಾಕ್ರಿ, ಜಾರಂಗಿಲ್ಲ" ಎಂದ. ಇದಕ್ಕೆ ಇಂಗ್ಲಿಷ್ ಶಬ್ದವೇ ಬೇಕಿಲ್ಲವಲ್ಲ ಎಂದು ನನಗೆ ಖುಷಿಯಾಯಿತು. ಮನೆ ಕಟ್ಟುವವರ ಹತ್ತಿರ ಕೇಳಿ ಚೀಲಗಳಲ್ಲಿ ಮರಳು ತುಂಬಿಸಿಕೊಂಡೆ. ಹಿಂದೆ ಭಾರವಾಗಿ ಕಾರಿನ ಮೂಗು ಮೇಲಕ್ಕೆದ್ದಿತು. ತಿರುಗುವುದು ಮುಂದಿನ ಗಾಲಿಗಳು, ಭಾರ ಹಾಕಿದ್ದು ಹಿಂದೆ. ಇದು ನನಗೂ ತಿಳಿಯಲಿಲ್ಲ, ಉಸ್ತಾದನಿಗೂ ಆ ಹೊತ್ತಿನಲ್ಲಿ ಮರೆತುಹೋಗಿತ್ತು.

ಜನವಾಡ ದಾಟಿದ ಮೇಲೆ ಪೊಲೀಸರು ಗಾಡಿ ತಪಾಸಣೆಗೆ ನಿಂತಿದ್ದರು. ಹವಾಲ್ದಾರ ಡಿಕ್ಕಿ ತೆಗೆಸಿದ. ಅವನ ಕಣ್ಣು ಅರಳಿತು.

"ಪರ್ವಾನಗಿ ಇಲ್ದ ಮರಳಾ? ಮೇಡಂ, ನೀವ್ ನೋಡಿದ್ರ ಸಾಲಿ ಕಲಸೋರು ಕಂಡಂಗ ಕಾಣ್ತೀರಿ."

"ಸಾಲಿ ಕಲಸೋಳೇ ಇದ್ದೀನ್ರಿ. ಇದು ಟ್ರ್ಯಾಕ್ಷನ್ ಸಲುವಾಗಿ."

"ಅದು ಎಷ್ಟು ಅಂತಸ್ತಿಂದು?"

ಕಟ್ಟಡ ಅಲ್ಲ ಎಂದು ನಾನು ಹೇಳಿದಷ್ಟೂ ಅವನು "ಪಾಯಾ ಹಾಕಿ ಆಗ್ಯಾದೇನು?" ಎಂದು ಕೇಳುತ್ತಲೇ ಹೋದ. ಕೊನೆಗೆ ಮರಳನ್ನು ಅಲ್ಲೇ ಸುರಿದು ಹೋಗಿ ಎಂದು ಅಪ್ಪಣೆಯಾಯಿತು. ಸುರಿದೆ. ಮೂಗು ಕೆಳಗಿಳಿದ ಕಾರು, ಬರುವಾಗ ಏದುಸಿರು ಬಿಟ್ಟಿದ್ದು, ಈಗ ಬಾಣದ ಹಾಗೆ ಹೊರಟಿತು.

ಹಿಂದಿನಿಂದ ಹವಾಲ್ದಾರನ ದನಿ ಕೇಳಿಸಿತು. "ನೋಡ್ರಿ! ಕಾಯ್ದಾ ಪಾಲಸಿದ್ರ ಗಾಡಿ ಹ್ಯಾಂಗ ಓಡ್ತದ!"

ಅರ್ಧ ದಿನದ ರಜೆ

ಮುಖ್ಯ ಪರೀಕ್ಷೆ ಸೋಮವಾರಕ್ಕೆ ಬಂತು. ಶನಿವಾರ ಬೆಳಿಗ್ಗೆ ಉಸ್ತಾದ ಫೋನು ಮಾಡಿ, "ಗಾಡಿ ತರ್ರಿ ಮೇಡಂಜಿ, ಬಿಚ್ಚೇ ನೋಡೋಣ" ಎಂದ. ನಾನು ಹೆಡ್‌ಮಾಸ್ತರರಿಗೆ ಫೋನು ಹಚ್ಚಿದೆ. ಅವರು ಹೊಸದಾಗಿ ವರ್ಗವಾಗಿ ಬಂದವರು, ನನ್ನ ಕಾರಿನ ಪುರಾಣ ಕೇಳಿರಲಿಲ್ಲ. ಅಷ್ಟೇ ಅಲ್ಲ, ಅವರ ತಾಯಿ ಬಿದ್ದು ತೊಡೆ ಮುರಿದುಕೊಂಡಾಗ ದವಾಖಾನೆಯಲ್ಲಿ ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದ್ದರಂತೆ. ಅದಕ್ಕೂ ಟ್ರ್ಯಾಕ್ಷನ್ ಎಂದೇ ಹೆಸರಂತೆ. ಇದು ನನಗೆ ಆಮೇಲೆ ತಿಳಿಯಿತು.

"ಸರ್, ಟ್ರ್ಯಾಕ್ಷನ್ ಹಾಕಿಸ್ಬೇಕು, ಬೀದರಿಗಿ ಹೋಗ್ತೇನಿ. ಅರ್ಧ ದಿನ ರಜಾ ಬೇಕ್ರಿ."

"ಟ್ರ್ಯಾಕ್ಷನ್ನಾ? ಅಯ್ಯಯ್ಯೋ! ಅರ್ಧ ದಿನದಾಗ ಆಗ್ತದೇನ್ರಿ?"

"ಉಸ್ತಾದ ಆಗ್ತದ ಅಂದಾನ್ರಿ."

"ದವಾಖಾನಿ ಬಿಟ್ಟು ಉಸ್ತಾದನಾ? ಎಲ್ಲಿರ್ತಾನ ಅಂವ?"

"ಬಸ್ ಸ್ಟ್ಯಾಂಡ್ ಹಿಂದ. ಮೊದಲ ಬಿಚ್ಚಿ ನೋಡ್ತೀನಿ ಅಂದಾನ. ಅಪ್ಪನ ಕಾಲದಿಂದ ಅವನೇ ನೋಡ್ತಾನ್ರಿ."

ಅವರು "ದೇವರಿದ್ದಾನ" ಎಂದು ಫೋನಿಟ್ಟರು. ರಜೆ ಕೊಡಲು ದೇವರು ಯಾಕೆ ಬೇಕು ಎಂದು ನಾನು ಯೋಚಿಸುತ್ತಲೇ ಬೀದರಿಗೆ ಹೊರಟೆ. ನಮ್ಮ ಕಡೆ ಎಲುಬು ಕೂಡಿಸುವವನನ್ನೂ ಉಸ್ತಾದ ಎಂದೇ ಕರೆಯುತ್ತಾರೆ. ಅತ್ತ ಸಾಲೆಯಲ್ಲಿ ಮೇಡಂ ಕಾಲು ಮುರಿದುಕೊಂಡು ಬೀದರ್ ಬಸ್ ಸ್ಟ್ಯಾಂಡಿನ ಹಿಂದಿನ ಉಸ್ತಾದನ ಹತ್ತಿರ ಹೋಗಿದ್ದಾರೆ ಎಂಬ ಸುದ್ದಿ ಹಬ್ಬಿತು. ಒಬ್ಬ ಹುಡುಗಿಯ ಅಜ್ಜಿ ಹೈದರಾಬಾದಿನಲ್ಲಿದ್ದ ಮಗಳಿಗೆ ಫೋನು ಮಾಡಿಬಿಟ್ಟಳು.

ಮಧ್ಯಾಹ್ನ ಉಸ್ತಾದ ಮುಂದಿನ ಎಡಗಾಲಿ ಬಿಚ್ಚಿಟ್ಟು ಬೇಸತ್ತು ನಿಂತಿದ್ದ. "ನೀವೇ ಬಂದು ನೋಡ್ರಿ ಮೇಡಂಜಿ, ಆ ಸಾಮಾನು ಎಲ್ಲಿ ಕೂಡಸಲಿ?" ನನಗೂ ಹಟ ಬಂತು. ಗೋಣಿಚೀಲ ಹಾಸಿಕೊಂಡು ಕಾರಿನಡಿ ಸರಿದೆ. ಜಾಗ ಸಾಲದೆ ಒಂದು ಕಾಲು ಮಡಚಿಕೊಂಡೆ. ಇನ್ನೊಂದು ಹೊರಗೇ ಇತ್ತು.

ಆಗ ಒಬ್ಬ ಹೆಂಗಸಿನ ದನಿ ಕೇಳಿಸಿತು. "ಉಸ್ತಾದ, ನಮ್ಮ ಮೇಡಂದು ಹ್ಯಾಂಗ ಅದರಿ?"

"ಮೇಡಂದಾ? ಮುಂದಿಂದು ಎಡಗಡಿದು ಪೂರಾ ಹೋಗ್ಯಾದ ಅಮ್ಮಾ. ಸುಮ್ಮ ತಿರಗ್ತದ, ನೆಲಕ್ಕ ಹಿಡಿಯಂಗೇ ಇಲ್ಲ."

"ಮುಂದಿಂದಾ? ಮೇಡಂಗ ಇರೋದೇ ಎರಡಲ್ರಿ! ಈಗ ಏನ್ ಮಾಡೀರಿ?"

"ಬಿಚ್ಚೀನಿ. ಅಲ್ಲಿ ಮೂಲ್ಯಾಗ ಇಟ್ಟೀನಿ. ಬಲಗಡಿದೂ ನಂಬಂಗಿಲ್ಲ, ಸಂಜಿಗಿ ಅದನ್ನೂ ತಗೀತೀನಿ."

ಒಂದು ಚೀರಾಟ. ಮೋಸಂಬಿ ಹಣ್ಣುಗಳು ಉರುಳುತ್ತ ಕಾರಿನಡಿ ನನ್ನ ಕಿವಿಯ ಹತ್ತಿರ ಬಂದವು. ಜಾಕು ಜಾರಿತೆಂದು ನಾನು ಗಾಬರಿಯಾಗಿ ಹೊರಗೆ ತೆವಳಿದೆ. ಮುಂದೆ ನಿಂತಿದ್ದವಳು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಳುತ್ತ ಬರೆದ ಹುಡುಗಿಯ ತಾಯಿ. ಪಾದದ ಮೇಲೆ ಸಿಮೆಂಟು ಇನ್ನೂ ಹಾಗೇ ಇತ್ತು. ಕೆಲಸ ಬಿಟ್ಟು ಸಿಕ್ಕ ಬಸ್ಸು ಹತ್ತಿ ಬಂದಿದ್ದಳು. ನೆಲಕ್ಕೆ ಕೂತು ನನ್ನ ಎಡಗಾಲು ಹಿಡಿದಳು, ಬಲಗಾಲು ಹಿಡಿದಳು, ಮತ್ತೆ ಎಡಗಾಲು ಹಿಡಿದಳು.

"ಎರಡೂ ಅವ!" ಎಂದು ಅತ್ತಳು. "ನಿಮಗೇನಾರ ಆದ್ರ ನಮ್ಮ ಹುಡುಗಿಗಿ ಪರೀಕ್ಷಾಕ ಯಾರ್ ಒಯ್ತಾರ ಅಂತ ಜೀವ ಕೈಯಾಗ ಹಿಡಕೊಂಡು ಬಂದೀನ್ರಿ."

ನನಗೂ ಕಣ್ಣು ತುಂಬಿತು. ಕಾಲಿನದಲ್ಲ, ಕಾರಿನದು ಎಂದು ನಾನೂ ಉಸ್ತಾದನೂ ಸರದಿಯಲ್ಲಿ ವಿವರಿಸಿದೆವು. ಮೂಲೆಯಲ್ಲಿಟ್ಟ ಗಾಲಿ ತೋರಿಸಿದೆವು. ತೋರಿಸುವಾಗಲೇ ನಾವಿಬ್ಬರೂ ಅದನ್ನು ಸರಿಯಾಗಿ ನೋಡಿದ್ದು. ಟಯರು ಬೋಳಾಗಿ ನನ್ನ ಅಂಗೈ ಹಾಗೆ ನುಣ್ಣಗಿತ್ತು. ಟ್ರ್ಯಾಕ್ಷನ್ ವಿಚಾರ ಅಲ್ಲಿಗೇ ಬಿಟ್ಟು ಉಸ್ತಾದ ಮುಂದೆ ಎರಡು ಹೊಸ ಟಯರು ಹಾಕಿದ. ಸೋಮವಾರ ಮೂವರು ಹುಡುಗಿಯರೂ ಗೇಟು ತೆರೆಯುವ ಮೊದಲೇ ಪರೀಕ್ಷೆಗೆ ಮುಟ್ಟಿದರು.

ಆದರೆ ಶನಿವಾರ ಸಂಜೆಯ ಮಾತೊಂದು ಉಳಿದಿದೆ. ಆ ತಾಯಿಯನ್ನು ಕಾರಿನಲ್ಲಿ ಊರಿಗೆ ಬಿಟ್ಟೆ. ಹುಡುಗಿ ಪುಸ್ತಕ ಎಸೆದು ಓಡಿ ಬಂದು ಅವ್ವನ ಕೊರಳಿಗೆ ಬಿದ್ದಳು. ಅಷ್ಟರಲ್ಲಿ ಹೈದರಾಬಾದಿನಿಂದ ಆ ತಾಯಿಗೆ ಗಂಡನ ಫೋನು ಬಂತು. ಅವಳು ಮಗಳನ್ನು ಒಂದು ಕೈಯಲ್ಲಿ ಅಪ್ಪಿಕೊಂಡೇ ಜೋರಾಗಿ ಹೇಳಿದಳು.

"ಏನೂ ಚಿಂತಿ ಮಾಡಬ್ಯಾಡ್ರಿ. ಮೇಡಂ ಛಂದ ಅದಾರ. ಹಳೇವು ಸವದಿದ್ದವಂತ. ಉಸ್ತಾದ ಎರಡೂ ತಗದು ಹೊಸಾವು ಹಾಕ್ಯಾನ. ನಾನು ಕಣ್ಣಾರ ನೋಡೀನಿ."

ಆ ಕಡೆಯ ದನಿ ಅಂಗಳದಲ್ಲಿದ್ದ ನನಗೂ ಕೇಳಿಸಿತು.

"ಅಂವ ಒಂದೇ ಆದ್ರೂ ಹಾಕ್ತಾನೇನು ಕೇಳ. ನನ್ನ ಬಲಗಾಲು ಬಾಳ ದಿನದಿಂದ ನೋಯ್ಲತ್ತದ."