ಏಳನೆಯ ವಿಳಾಸ

ಹೊಟ್ಟೆಕಿಚ್ಚೇ ಇಲ್ಲದವರು ಎಲ್ಲಾದರೂ ಇದ್ದರೆ, ಅವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ. ಬಚ್ಚಿಡುವುದೇಕೆ? ಆರು ತಿಂಗಳಿಂದ ನಾನು ಉರಿಯುತ್ತಿರುವುದು ಸುನಂದಮ್ಮ ಎಂಬ ನಿವೃತ್ತ ಗಣಿತದ ಮೇಡಂ ಅವರನ್ನು ಕಂಡು. ಕಿರಿಯರಾಗಿದ್ದರೆ 'ಈಗಿನ ಕಾಲದವರು ಬಿಡಿ' ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವರು.

ಚಾಮರಾಜಪೇಟೆಯ ನಮ್ಮ ಸಂಗೀತ ಸಭೆಗೆ ನಾನು ಹದಿನೆಂಟು ವರ್ಷದಿಂದ ಕಾರ್ಯದರ್ಶಿ. ಈಮೇಲೆಲ್ಲ ಬರುತ್ತಿದ್ದದ್ದು ಮೂಲೆಯ ಹಳೇ ಕಂಪ್ಯೂಟರಿಗೆ. ಪಾಸ್‌ವರ್ಡ್ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಬಂದದ್ದನ್ನು ಪ್ರಿಂಟ್ ತೆಗೆದು, 'ತಲುಪಿದೆ' ಎಂದು ಮೊಹರು ಒತ್ತಿ, ಅಧ್ಯಕ್ಷ ರುದ್ರಪ್ಪನವರ ಮುಂದಿಡುವುದು ನಮ್ಮ ಪದ್ಧತಿ. ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು, ಕೈಯಲ್ಲಿ ಮುಟ್ಟಿ ನೋಡದೆ ಏನನ್ನೂ ನಂಬುವವರಲ್ಲ. ನಾನು ಎರಡು ದಿನ ಜ್ವರದಿಂದ ಮಲಗಿದರೆ ಸಭೆಯ ಪತ್ರವ್ಯವಹಾರವೂ ಮಲಗುತ್ತಿತ್ತು. ಆಹಾ, ಅದು ಎಷ್ಟು ಹಿತವಾಗಿತ್ತು!

ಸಮಿತಿಗೆ ಹೊಸದಾಗಿ ಬಂದ ಸುನಂದಮ್ಮ ಮೊದಲ ದಿನವೇ, "ಇದನ್ನೆಲ್ಲ ಕ್ಲೌಡಿಗೆ ಹಾಕ್ಬಿಡೋಣ. ಸಮಿತಿಯೋರು ಮನೇಲೇ ಕೂತು ನೋಡ್ಬಹುದು" ಎಂದರು. ಎಲ್ಲರೂ ನೋಡುವುದಾದರೆ ನಾನು ಯಾತಕ್ಕೆ? ಅವರು ನೋಟ್‌ಬುಕ್ ತೆರೆದು ಪಾಠ ಶುರುಮಾಡಿದರು: "ಮೊದ್ಲು ಎಲ್ಲಾ ವಿಳಾಸಗಳ ಪಟ್ಟಿ ಆಗ್ಬೇಕು, ಒಂದೂ ಬಿಡಬಾರ್ದು. ಪಾಸ್‌ವರ್ಡ್ ಒಬ್ರ ಹತ್ರಾನೇ ಇರಬಾರ್ದು. ಹೊಸದಕ್ಕೆ ಸರಿಯಾಗಿ ಬರ್ತಿದೆ ಅಂತ ಖಾತ್ರಿ ಆಗೋವರ್ಗೂ ಹಳೇದು ಮುಚ್ಚಬಾರ್ದು."

"ಎಷ್ಟು ಚೆನ್ನಾಗಿ ಹೇಳ್ತೀರಮ್ಮಾ!" ಎಂದರು ರುದ್ರಪ್ಪನವರು. ಹದಿನೆಂಟು ವರ್ಷದಲ್ಲಿ ಅವರು ನನಗೆ ಹೇಳಿದ್ದು "ಪ್ರಿಂಟು ಮಸುಕಾಗಿದೆ ಕಣ್ರೀ" ಎಂದು ಮಾತ್ರ.

ಪಟ್ಟಿ ಬರೆಯುವ ಕೆಲಸ ನನ್ನದು. ಆರು ವಿಳಾಸ ಬರೆದೆ, ಏಳನೆಯದನ್ನು ಬಿಟ್ಟೆ. ಅದು ರಾಮನವಮಿ ಕಚೇರಿಗಳಿಗೆಂದೇ ನಾನು ಮಾಡಿಟ್ಟದ್ದು. 'ತಮ್ಮಂಥ ರಸಿಕರಿಂದಲೇ ಸಭೆ ಉಳಿದಿದೆ' ಎಂದು ಗಾಯಕರು ನನಗೆ ಬರೆಯುವುದು ಅಲ್ಲಿಗೇ. ಅದನ್ನೂ ಈಯಮ್ಮನ ಕೈಗೆ ಕೊಡಬೇಕೆ? ಮರೆತೆ ಎನ್ನಬಹುದು, ಆದರೆ ಮರೆತಿರಲಿಲ್ಲ.

"ಇಷ್ಟೇನಾ ಸರ್?"

"ಇಷ್ಟೇ ಮೇಡಂ."

ಅವರು ಆರಕ್ಕೂ ಪರೀಕ್ಷೆಯ ಮೇಲ್ ಕಳಿಸಿ, ತಿಂಗಳು ಕಾದು, ಹಳೆಯ ಈಮೇಲ್ ವ್ಯವಸ್ಥೆಯನ್ನು ಮುಚ್ಚಿಸಿದರು. ಏಳನೆಯದು ಮೂಲೆಯ ಕಂಪ್ಯೂಟರಿಗೆ ಬರುತ್ತಲೇ ಇರುತ್ತದೆ, ಗುಟ್ಟಾಗಿ ಓದಿಕೊಳ್ಳೋಣ ಎಂದುಕೊಂಡಿದ್ದೆ. ಹಳೆಯದರ ಜೊತೆಗೆ ಅದೂ ಸತ್ತುಹೋಗಿದೆಯೆಂದು ಈ ಬುದ್ಧಿವಂತನಿಗೆ ತಿಳಿಯಲಿಲ್ಲ. ಯಾವ ಪತ್ರವೂ ಬರದಿದ್ದಾಗ, ಕಲಾವಿದರು ಸೋಮಾರಿಗಳೆಂದು ಬೈದುಕೊಂಡೆ.

ರಾಮನವಮಿಗೆ ಹತ್ತು ದಿನವಿರುವಾಗ ಮೊದಲ ದಿನದ ಗಾಯಕಿ ಸಭೆಗೆ ಫೋನ್ ಮಾಡಿದರು. ಎತ್ತಿಕೊಂಡವರು ಸುನಂದಮ್ಮ. "ನಿಮ್ಮ ರಾಮನವಮಿ ವಿಳಾಸಕ್ಕೆ ನಾಲ್ಕು ಸಲ ಬರೆದೆ, ಎಲ್ಲಾ ವಾಪಸ್ ಬಂತು. ನನ್ನ ಕಚೇರಿ ಬೇಡವೇನೋ ಅಂತ ಅದೇ ದಿನಕ್ಕೆ ಮಲ್ಲೇಶ್ವರದಲ್ಲಿ ಒಪ್ಕೊಂಡ್ಬಿಟ್ಟೆ" ಎಂದರಂತೆ. ಆಹ್ವಾನ ಪತ್ರಿಕೆ ಆಗಲೇ ಊರೆಲ್ಲ ಹಂಚಿಯಾಗಿತ್ತು. ಮರುದಿನ ಸಮಿತಿ ಸೇರಿತು. ಹದಿನೆಂಟು ವರ್ಷದ ಮರ್ಯಾದೆ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಸುನಂದಮ್ಮ ನನ್ನ ಕೈಬರಹದ ಪಟ್ಟಿಯನ್ನು ನೋಡಿದರು. ಕನ್ನಡಕದ ಮೇಲಿಂದ ನನ್ನನ್ನೂ ನೋಡಿದರು. ಆಮೇಲೆ ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡರು.

"ನಾನು ಇನ್ನೊಂದ್ಸಲ ತಾಳೆ ನೋಡ್ಬೇಕಿತ್ತು, ತಪ್ಪು ನಂದೇ. ಬೆಳಿಗ್ಗೆ ಆ ಗಾಯಕಿಯ ಮನೆಗೆ ಹೋಗಿ ಬಂದೆ. ನಾಲ್ಕು ಗಂಟೆಗೆ ನಮ್ಮಲ್ಲಿ ಹಾಡಿ ಆಮೇಲೆ ಮಲ್ಲೇಶ್ವರಕ್ಕೆ ಹೋಗ್ತಾರಂತೆ."

ರುದ್ರಪ್ಪನವರು ಎದ್ದೇ ನಿಂತರು. "ತಪ್ಪು ಒಪ್ಕೊಳ್ಳೋ ಇಂಥ ದೊಡ್ಡ ಮನಸ್ಸು ಈಗ ಯಾರಿಗಿದೆ ಹೇಳ್ರೀ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವನು ನಾನೇ.

ಮನೆಗೆ ನಡೆಯುತ್ತಾ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ನಾಚಿಕೆ ರಸ್ತೆಯ ತಿರುವಿನವರೆಗೆ ಮಾತ್ರ ಜೊತೆಗಿತ್ತು. ಅಲ್ಲಿಂದ ಮುಂದೆ ಹಳೆಯ ಉರಿಯೇ ಶುರುವಾಯಿತು. ಹದಿನೆಂಟು ವರ್ಷದಲ್ಲಿ ನನಗೆ ಒಂದೇ ಒಂದು ಚಪ್ಪಾಳೆ ಬಿದ್ದಿಲ್ಲ. ಆ ತಪ್ಪನ್ನು ಯೋಚಿಸಿ, ಕಷ್ಟಪಟ್ಟು ಮಾಡಿದವನು ನಾನು. ಚಪ್ಪಾಳೆ ಮಾತ್ರ ಅವರಿಗೆ!