ಅಕ್ಕನ ವಿಮಾನಗಳು ಮತ್ತು ಒಂದು ನಿಂಬೆಹಣ್ಣು

ನಮ್ಮಕ್ಕನ ಹತ್ತಿರ ಇಪ್ಪತ್ತಮೂರು ಯುದ್ಧವಿಮಾನಗಳಿವೆ. ಅಷ್ಟು ಇಟ್ಟುಕೊಂಡೂ ಅವಳು ಇದುವರೆಗೆ ಯಾರ ಮೇಲೂ ಯುದ್ಧ ಸಾರಿದವಳಲ್ಲ, ನನ್ನೊಬ್ಬನನ್ನು ಬಿಟ್ಟು!

ನಗಿ, ನಗಿ. ಇಪ್ಪತ್ತಮೂರು ವಿಮಾನಗಳ ಧೂಳು ಒರೆಸುವಾಗ ಸ್ಟೂಲು ಹಿಡಿದುಕೊಂಡು ನಿಂತವರು ನೀವಲ್ಲವಲ್ಲ! ಶಿರಸಿ ಪೇಟೆಯಲ್ಲಿ ಅವಳದೊಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಅಡುಗೆ, ನಡುವಿನ ಕೋಣೆಯಲ್ಲಿ ವಾಯುಪಡೆ. ಎಲ್ಲವೂ ಗೇಣುದ್ದದ ಲೋಹದ ವಿಮಾನಗಳು. ಎರಡನೆಯ ಮಹಾಯುದ್ಧದಲ್ಲೋ ಅದರ ಆಚೀಚೆಯೋ ನಿಜವಾಗಿ ಹಾರಿದ್ದವುಗಳ ಪಡಿಯಚ್ಚು. ಅವು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಆ ಕಪಾಟಿನಲ್ಲಿ ಮೊದಲು ಇದ್ದ ಸ್ಟೀಲ್ ಡಬ್ಬಿಗಳು ಈಗ ಮಂಚದ ಕೆಳಗೆ ನಿರಾಶ್ರಿತರ ಹಾಗೆ ಬಿದ್ದಿವೆ. ಸಕ್ಕರೆ ಬೇಕೆಂದರೆ ಅಂಗಾತ ಮಲಗಿ ಕೈ ಚಾಚಬೇಕು.

ಅಕ್ಕ ಬ್ಲೌಸ್ ಹೊಲಿಯುವವಳು. ಅವಳ ಕೈಯ ಬ್ಲೌಸ್ ತೊಟ್ಟು ಮದುವೆಯಾದವರು ಶಿರಸಿಯಲ್ಲಿ ಎಷ್ಟೋ ಮಂದಿ. ಅವಳು ಮಾತ್ರ ಆಗಲಿಲ್ಲ. ಯಾಕೆಂದು ಕೇಳಿದರೆ "ಅಳತೆ ಸರಿ ಹೊಂದಿದ್ದಿಲ್ಲೆ" ಅನ್ನುತ್ತಾಳೆ. ಶಾಲೆಯನ್ನು ಅವಳು ನಾಲ್ಕಕ್ಕೇ ಬಿಟ್ಟಳು. ಆಮೇಲೆ ಹೊಲಿಗೆ ಕಲಿತು ನನ್ನನ್ನು ಏಳನೇ ಇಯತ್ತೆಯವರೆಗೆ ದಬ್ಬಿದಳು. ಮುಂದೆ ನಾನು ದಬ್ಬಿಸಿಕೊಳ್ಳಲಿಲ್ಲ. ನಟ್ಟು ಬಿಗಿಯುವ ಪಾನಾ ಹಿಡಿದು ಯಲ್ಲಾಪುರದ ಹೈವೇ ಬದಿಯಲ್ಲಿ ಗ್ಯಾರೇಜು ಹಾಕಿದೆ.

ಈ ವಿಮಾನದ ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ನಡುವೆ. ಎದುರು ಮನೆಯ ಕೊಂಕಣಿ ಅಮ್ಮ ಮುಂಬೈಗೆ ಮಗನ ಮನೆಗೆ ಹೊರಟಾಗ, ಹಳೆಯ ಸಾಮಾನಿನ ನಡುವೆ ಸಿಕ್ಕಿದ ಒಂದು ವಿಮಾನವನ್ನು ಅಕ್ಕನಿಗೆ ಕೊಟ್ಟು ಹೋದರು. ಕತ್ತರಿಸಿದ ಬಟ್ಟೆ ಫ್ಯಾನಿನ ಗಾಳಿಗೆ ಹಾರದಂತೆ ಮೇಲಿಡಲಿಕ್ಕೆ, ಅಷ್ಟೇ. ಮರುವಾರ ನಾನು ಹೋದಾಗ ಬಟ್ಟೆಗಳೆಲ್ಲ ನೆಲದ ಮೇಲೆ ಹಾರಾಡುತ್ತಿದ್ದವು. ವಿಮಾನ ಅಕ್ಕನ ಕೈಯಲ್ಲಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ತಮ್ಮಾ, ಇಲ್ನೋಡಾ. ರೆಕ್ಕೆ ಮೇಲೆ ಹೊಲಿಗೆ ಎಷ್ಟ್ ಸಮ ಇದ್ದು!"

"ಅದು ಹೊಲಿಗೆ ಅಲ್ದೇ ಅಕ್ಕಾ. ತಗಡು ಜೋಡ್ಸಲೆ ಹೊಡೆದ ರಿವೆಟ್ಟು."

"ಎಂತದಾದ್ರೂ ಆಗ್ಲಿ. ಒಂದೂ ಆಚೀಚೆ ಆಜಿಲ್ಲೆ ನೋಡು."

ಕೆಟ್ಟದ್ದು ಅಲ್ಲಿಂದ! ಅವಳಿಗೆ ಇನ್ನೊಂದು ಬೇಕಾಯಿತು. ಶಿರಸಿಯಲ್ಲಿ ಯುದ್ಧವಿಮಾನ ಎಲ್ಲಿ ಸಿಗುತ್ತದೆ ಹೇಳಿ? ಆದರೆ ಅವಳ ತಮ್ಮ ಹೈವೇ ಬದಿಯಲ್ಲಿದ್ದಾನಲ್ಲ, ಮುಂಬೈಗೂ ಗೋವಾಕ್ಕೂ ಹೋಗುವ ಲಾರಿಗಳು ಅವನ ಮುಂದೇ ನಿಲ್ಲುತ್ತವಲ್ಲ! ಗ್ರೀಸು ಹಚ್ಚಿದ ಕೈಯಲ್ಲಿ ನಾನು ಡ್ರೈವರುಗಳ ಮುಂದೆ ನಿಂತು, ಬರುವಾಗ ಒಂದು ಯುದ್ಧವಿಮಾನ ತನ್ನಿ, ಹಳೇ ಕಾಲದ್ದೇ ಆಗಬೇಕು ಎಂದು ಬೇಡಿಕೊಳ್ಳುವುದನ್ನು ಸ್ವಲ್ಪ ಊಹಿಸಿಕೊಳ್ಳಿ. ಹಾವೇರಿ ಕಡೆಯ ಒಬ್ಬ ಡ್ರೈವರು ಬೀಡಿ ಕೆಳಗಿಳಿಸಿ ಕೇಳಿದ:

"ಏನ್ರೀ ಮೇಸ್ತ್ರಿ, ಯಲ್ಲಾಪುರದಾಗ ಯುದ್ಧ ಚಾಲೂ ಆಗೇತೇನ್ರಿ?"

"ಇಲ್ಲ ಮಾರಾಯ, ಶಿರಸಿಯಲ್ಲಿ."

ಪಾಪ, ಅವನು ಮುಂಬೈಯ ಹಳೇ ಸಾಮಾನಿನ ಸಂತೆಯೆಲ್ಲ ಹುಡುಕಿ ಒಂದು ಬಿಳಿ ವಿಮಾನ ತಂದ. ಚಂದವಿತ್ತು, ಸಾಲು ಸಾಲು ಕಿಟಕಿಗಳಿದ್ದವು. ಅಕ್ಕ ಒಮ್ಮೆ ತಿರುಗಿಸಿ ನೋಡಿ ನನ್ನ ಕೈಗೇ ಇಟ್ಟಳು. "ಇದು ಬಸ್ಸು. ರೆಕ್ಕೆ ಇದ್ದ ಕೂಡ್ಲೇ ವಿಮಾನ ಆಗ್ತನಾ? ಒಂದ್ ಹೊಲಿಗೆ ಇದ್ದಾ ಇದಕ್ಕೆ? ವಾಪಸ್ ಕೊಡು." ಆ ಬಸ್ಸು ಈಗಲೂ ಅವನ ಲಾರಿಯ ಗಾಜಿನ ಮುಂದೆ ನಿಂಬೆ ಮೆಣಸಿನಕಾಯಿಯ ಪಕ್ಕದಲ್ಲಿ ತೂಗಾಡುತ್ತಿದೆ.

ಇನ್ನೊಮ್ಮೆ ಗೋವಾದಿಂದ ಒಂದು ಪೆಟ್ಟಿಗೆ ಬಂತು. ಮೇಲೆ ಬಾಂಬರಿನ ಚಿತ್ರ. ನಾನು ಗೆದ್ದೆ ಎಂದುಕೊಂಡು ಅದೇ ದಿನ ಬಸ್ಸು ಹತ್ತಿದೆ. ಅಕ್ಕ ಪೆಟ್ಟಿಗೆ ಬಿಚ್ಚಿದರೆ ಒಳಗೆ ಚೂರು ಚೂರು ಪ್ಲಾಸ್ಟಿಕ್ಕು, ಒಂದು ಗೋಂದಿನ ಟ್ಯೂಬು!

"ಇದೆಂತದ್ದಾ? ಬ್ಲೌಸ್ ಪೀಸಾ?"

"ನಾವೇ ಜೋಡ್ಸವಡ ಅಕ್ಕಾ. ಅದ್ರಲ್ಲೇ ಮಜಾ ಇಪ್ದಡ."

"ಮಜಾ! ದಿನಾ ಇಡೀ ಆನು ತುಂಡು ಜೋಡ್ಸದೇ ಆತು. ತೋಳು ಒಂದ್ಕಡೆ, ಕುತ್ಗೆ ಒಂದ್ಕಡೆ. ಯಾರೋ ಜೋಡ್ಸಿ ಮುಗ್ಸಿದ್ದು ಒಂದಾದ್ರೂ ಎನ್ನ ಮನೆಗೆ ಬರ್ಲಾ. ತಯಾರಿದ್ದದ್ದೇ ಬೇಕು ಎಂಗೆ."

ನಾನು ಪೆಟ್ಟಿಗೆ ಮುಚ್ಚಿದೆ.

ವಿಮಾನ ನೋಡಲು ಬಂದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಮಾತಾಡಬಹುದು, ಸೀನುವ ಹಾಗಿಲ್ಲ. ಜರ್ಮನಿಯವೂ ಇಂಗ್ಲೆಂಡಿನವೂ ಪರಸ್ಪರ ಹೊಡೆದಾಡಿದವು ಎಂದು ಯಾರೋ ಹೇಳಿದ ದಿನದಿಂದ ಅವುಗಳಿಗೆ ಬೇರೆ ಬೇರೆ ಹಲಗೆ. ನಡುವಿನ ಹಲಗೆಯಲ್ಲಿ ಮಿಷನ್ನಿನ ಎಣ್ಣೆಯ ಬಾಟಲಿ ಕಾವಲು. ಇದೆಂತ ಹುಚ್ಚು ಎಂದರೆ, "ಮೊದ್ಲೇ ಆಗ್ತಿಲ್ಲೆ ಅವಕ್ಕೆ, ಒಟ್ಟಿಗೆ ಎಂತಕ್ಕೆ ಇಡವು?" ಎಂದು ನನ್ನನ್ನೇ ಗದರುತ್ತಾಳೆ!

ಈ ಎಲ್ಲ ಕಾಯಿದೆಗಳಿಂದ ವಿನಾಯಿತಿ ಇದ್ದದ್ದು ಒಬ್ಬಳಿಗೆ ಮಾತ್ರ: ಬಾಬಿನ್‌ಗೆ. ಬಾಬಿನ್ ಅಂದರೆ ಅಕ್ಕನ ಬೆಕ್ಕು, ಹೊಲಿಗೆ ಮಿಷನ್ನಿನ ನೂಲಿನ ಉರುಳೆಯ ಹೆಸರು ಹೊತ್ತವಳು. ಬಿಳಿ ಮೈ, ಬೆನ್ನ ಮೇಲೆ ಕಂದು ಮಚ್ಚೆ. ಕತ್ತರಿಸಿದ ಚಿಂದಿಯ ಬುಟ್ಟಿಯಲ್ಲಿ ಮಲಗಿ, ಅಕ್ಕ ಮಿಷನ್ ತುಳಿಯುತ್ತಿರುವಷ್ಟು ಹೊತ್ತೂ ಅದಕ್ಕೆ ಶ್ರುತಿ ಸೇರಿಸಿದಂತೆ ಗುರುಗುಡುತ್ತಿದ್ದಳು. ಅಕ್ಕ ಅವಳೊಡನೆ ಮಾತಾಡುತ್ತಿದ್ದಷ್ಟು ನನ್ನೊಡನೆ ಆಡಿದ್ದಿಲ್ಲ. ಒಂದು ಸಲ ಕಪಾಟಿನ ಬಾಗಿಲು ತೆರೆದಿದ್ದಾಗ ಬಾಬಿನ್ ಒಳಹೊಕ್ಕು ಎರಡು ಬಾಂಬರುಗಳ ನಡುವೆ ಒಂದು ನಿದ್ದೆ ತೆಗೆದು ಎದ್ದು ಬಂದಳು. ಒಂದು ಪ್ರೊಪೆಲ್ಲರೂ ಅಲುಗಿರಲಿಲ್ಲ. ಇದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ನೆನಪಿಟ್ಟುಕೊಳ್ಳಿ, ಕಂಡಿದ್ದಳು.

ಇನ್ನು ಆ ಆಯುಧಪೂಜೆಯ ಕಥೆ. ಆಗ ವಿಮಾನಗಳು ಎಂಟು. ಹೊಲಿಗೆ ಮಿಷನ್ನಿನ ಪೂಜೆಗೆ ಬಂದ ಭಟ್ಟರ ಮುಂದೆ ಅಕ್ಕ ಎಂಟನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟಳು. ಭಟ್ಟರು ಕನ್ನಡಕ ಸರಿಮಾಡಿಕೊಂಡರು.

"ತಂಗೀ, ಇದಕ್ಕೆ ಯಾವ ಮಂತ್ರ ಹೇಳವೇ?"

"ಲಾರಿಗೆ ಹೇಳದೇ ಹೇಳಿ ಭಟ್ರೇ. ನೀರು ಮಾತ್ರ ಹಾಕಡಿ, ತುಕ್ಕು ಹಿಡಿತು. ಕುಂಕುಮನೂ ಬ್ಯಾಡ, ಬಣ್ಣ ಹೋಗ್ತು."

"ಹಂಗಾರೆ ಆನು ಮಾಡದು ಎಂತ?"

"ದೂರ ನಿಂತು ಅಕ್ಷತೆ ಹಾಕಿ. ಮೆತ್ತಗೆ."

ಹೀಗೆ ಒಣ ಪೂಜೆ ಮುಗಿಸಿಕೊಂಡು ಭಟ್ಟರು ಹೋದರು. ಅಕ್ಕ ಪ್ರಸಾದ ಹಂಚಲು ಅಕ್ಕಪಕ್ಕದ ಮನೆಗಳಿಗೆ ಹೊರಟಳು. ಉಳಿದದ್ದು ನಾನು, ಬಾಬಿನ್ ಮತ್ತು ಎಂಟು ವಿಮಾನ.

ನಾನು ಬೆಳಿಗ್ಗೆ ಗ್ಯಾರೇಜಿನಲ್ಲಿ ಲಾರಿ, ಜೀಪು, ಟೆಂಪೊ ಎಂದು ಹತ್ತಾರು ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿ ಬಂದವನು. ಕೈ ಇನ್ನೂ ಹಬ್ಬದ ಲಹರಿಯಲ್ಲಿತ್ತು. ಮಣೆಯ ತುದಿಯಲ್ಲಿ ಹೊಸ ಸ್ಪಿಟ್‌ಫೈರ್ ನಿಂತಿತ್ತು, ಕೊಕ್ಕರೆಯಂಥ ಸಣ್ಣ ಕಾಲಿನ ವಿಮಾನ. ಅಕ್ಕ ಎರಡು ವರ್ಷ ಕಾದು ತರಿಸಿಕೊಂಡದ್ದು. ಹೊಸ ಗಾಡಿ, ನಿಂಬೆಹಣ್ಣು ಹತ್ತಿಸಿಲ್ಲ! ಮೆಕ್ಯಾನಿಕ್ಕನ ಕಣ್ಣಿಗೆ ಅದು ದೊಡ್ಡ ಕೊರತೆಯಾಗಿ ಕಂಡಿತು. ತಟ್ಟೆಯಲ್ಲಿದ್ದ ನಿಂಬೆಹಣ್ಣುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ ಚಕ್ರದ ಮುಂದಿಟ್ಟೆ. ಆ ಹಣ್ಣಿನೆದುರು ಚಕ್ರ ಒಂದು ಬಟಾಣಿ ಕಾಳು. ಏಳನೇ ಇಯತ್ತೆಯಾದರೇನು, ಇಷ್ಟು ಗೊತ್ತಾಗಬೇಡವೇ? ವಿಮಾನದ ಬೆನ್ನ ಮೇಲೆ ಹೆಬ್ಬೆರಳಿಟ್ಟು ಒತ್ತಿ ದೂಡಿದೆ.

ಟಕ್!

ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ನಾನು ಬಂದಿದ್ದ ಸ್ಕೂಟರಿನ ಡಿಕ್ಕಿಯಲ್ಲಿದ್ದ ಪಂಕ್ಚರ್ ಸೊಲ್ಯೂಶನ್ ತಂದು ಮುರಿದ ಕಾಲನ್ನು ಅಂಟಿಸಿದೆ. ವಿಮಾನ ನಿಂತಿತು, ಕುಂಟುಕೋಳಿ ನಿಂತ ಹಾಗೆ ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ.

"ಇದೆಂತ ಆತಾ ತಮ್ಮಾ?"

ಬಾಬಿನ್ ಕಿಟಕಿಯಲ್ಲಿ ಕೂತು ಕೈ ನೆಕ್ಕುತ್ತಿದ್ದಳು. ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ.

"ಬೆಕ್ಕು ಬೀಳ್ಸ್ತು ಅಕ್ಕಾ. ಆನೇ ಸೊಲ್ಯೂಶನ್ ಹಚ್ಚಿದ್ದಿ."

ಅಕ್ಕ ವಿಮಾನ ನೋಡಿದಳು, ಬೆಕ್ಕನ್ನು ನೋಡಿದಳು. ಆಮೇಲೆ ಹೇಳಿದ್ದೇನು ಗೊತ್ತೇ? "ನೀ ಇದ್ದಿದ್ದಕ್ಕೆ ಇಷ್ಟಾದ್ರೂ ಉಳತ್ತು." ಹೊಗಳಿದಳು ನನ್ನನ್ನು! ಬಾಬಿನ್ ಎಂಥವಳೆಂದು ಕಣ್ಣಾರೆ ಕಂಡವಳು, ತನ್ನ ಕಣ್ಣಿಗಿಂತ ನನ್ನ ಮಾತನ್ನು ನಂಬಿದಳು.

ಬೆಕ್ಕನ್ನು ಬೈದು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಮೂರನೆಯ ದಿನ ಗ್ಯಾರೇಜಿಗೆ ಅಕ್ಕನ ಫೋನು ಬಂತು. "ಬಾಬಿನ್‌ನ ಹೇರೂರು ಅತ್ತೆ ಮನೆಗೆ ಬಿಟ್ಟಿಕ್ಕಿ ಬಾ. ಎರಡನ್ನೂ ಒಂದೇ ಮನೇಲಿ ಇಟ್ಗಂಬ್ಲೆ ಎನ್ನ ಕೈಲಿ ಆಗ್ತಿಲ್ಲೆ." ಹೇಳಬೇಕಿತ್ತು ಆಗ. ಬದಲಿಗೆ ನಾನು ಕೇಳಿದ್ದು, ಯಾವ ಬಸ್ಸಿಗೆ ಹೋಗಲಿ ಎಂದು!

ಅಪರಾಧಿಯೇ ನಿರಪರಾಧಿಯನ್ನು ಗಡಿಪಾರು ಮಾಡಲು ಕರೆದೊಯ್ದ ಪ್ರಯಾಣ ಅದು. ಬಾಬಿನ್ ಗೋಣಿಚೀಲದ ತೂತಿನಿಂದ ಒಂದು ಕಣ್ಣಿಟ್ಟು ಸಿದ್ದಾಪುರದವರೆಗೂ ನನ್ನನ್ನೇ ನೋಡುತ್ತ ಕೂಗಿದಳು. ಕಂಡಕ್ಟರ್ ಬಗ್ಗಿ ನೋಡಿದ.

"ಬೆಕ್ಕಾ? ಪಾಪ, ಊರು ಬಿಡಿಸುವಂಥಾದ್ದು ಎಂತ ಮಾಡಿತ್ತು?"

"ಏನೂ ಮಾಡಿಲ್ಲ" ಅಂದೆ. ಆ ವಾರವಿಡೀ ನಾನು ಆಡಿದ ನಿಜ ಅದೊಂದೇ.

ಆಮೇಲೆ ಅಕ್ಕನ ಅಂಗಡಿಯಲ್ಲಿ ಮಿಷನ್ನಿನ ಸದ್ದು ಒಂದೇ ಉಳಿಯಿತು. ಚಿಂದಿಯ ಬುಟ್ಟಿಯಲ್ಲಿ ಮಲಗಿ ಒತ್ತುವವರು ಯಾರೂ ಇರಲಿಲ್ಲ. ಚಿಂದಿ ಉಕ್ಕಿ ಉಕ್ಕಿ ಚೆಲ್ಲುತ್ತಿತ್ತು. ಬಾಬಿನ್ ಹಾಲು ಕುಡಿಯುತ್ತಿದ್ದ ಅಲ್ಯೂಮಿನಿಯಂ ಬಟ್ಟಲನ್ನು ಅಕ್ಕ ಎಸೆಯಲಿಲ್ಲ, ಒಲೆಕಟ್ಟೆಯ ಮೂಲೆಯಲ್ಲಿ ಕವುಚಿ ಇಟ್ಟಳು. ಬೇರೆ ಬೆಕ್ಕು ಸಾಕು ಎಂದವರಿಗೆ "ನಂಬಿದ್ದಕ್ಕೆ ಒಂದ್ಸಲ ಸಾಕಾತು" ಅನ್ನುತ್ತಿದ್ದಳು. ಆಗ ನಾನು ಅವಲಕ್ಕಿಯ ತಟ್ಟೆಯನ್ನು ಕೆಳಗಿಡುತ್ತಿದ್ದೆ. ಹೇಳಿಬಿಡಬೇಕು ಎಂದು ಬಾಯಿ ತೆರೆದರೆ, ಹಸಿವಾಗಿದೆ ಎಂದುಕೊಂಡು ಇನ್ನೊಂದು ಮುಷ್ಟಿ ಬಡಿಸುತ್ತಿದ್ದಳು!

ಬಾಯಿ ಬಿಡಲಾಗದವನು ಏನು ಮಾಡುತ್ತಾನೆ? ವಿಮಾನ ತಂದುಕೊಡುತ್ತಾನೆ. ಮೊದಲು ಶಪಿಸುತ್ತ ತರಿಸುತ್ತಿದ್ದ ನಾನೇ ಈಗ ಡ್ರೈವರುಗಳ ಬೆನ್ನು ಬಿದ್ದೆ. ಎಂಟು ಇದ್ದದ್ದು ಇಪ್ಪತ್ತಮೂರು ಆದದ್ದು ಹೇಗೆಂದು ಈಗ ತಿಳಿಯಿತಲ್ಲ? ಆ ಹದಿನೈದೂ ನನ್ನ ಪಾಪದ ಮರಿಗಳು! ಹೊಸದು ಬಂದಾಗಲೆಲ್ಲ ಅಕ್ಕ ನನ್ನ ತಲೆ ಸವರಿ, "ಎನ್ನ ತಮ್ಮನಂಥವ ಯಾರಿಗೆ ಸಿಗ್ತ" ಅನ್ನುತ್ತಿದ್ದಳು. ಮೇಲಿನ ಹಲಗೆಯಲ್ಲಿ, ನೂಲಿನ ಉಂಡೆಗೆ ಒರಗಿ ನಿಂತ ಕುಂಟ ಸ್ಪಿಟ್‌ಫೈರ್ ನನ್ನನ್ನೇ ನೋಡುತ್ತಿತ್ತು.

ಹೀಗೆ ಆರು ವರ್ಷ ಕಳೆಯಿತು. ಎಲ್ಲರ ಕೈಗೂ ಮೊಬೈಲು ಬಂತು, ನನ್ನ ಬಾಯಿಗೆ ಮಾತು ಬರಲಿಲ್ಲ. ಒಂದು ದಿನ ಹೇರೂರಿನಲ್ಲಿ ಒಂದು ಜೀಪು ಕೆಟ್ಟು ನಿಂತಿದೆ ಎಂದು ಕರೆ ಬಂತು. ಕೆಲಸ ಮುಗಿಸಿ ಅತ್ತೆಯ ಮನೆಗೆ ಹೋದೆ. ಜಗಲಿಯಲ್ಲಿ ಮೂರು ಮರಿಗಳು ಆಡುತ್ತಿದ್ದವು. ಒಂದು ಬಿಳಿ, ಬೆನ್ನ ಮೇಲೆ ಕಂದು ಮಚ್ಚೆ.

"ಬಾಬಿನ್ ಎಲ್ಲಿ ಅತ್ತೇ?"

"ಹೋದ ಚಳಿಗಾಲದಲ್ಲಿ ಹೋತು ಮಾರಾಯ. ಇದು ಅದ್ರ ಮೊಮ್ಮಗಳು. ಎಂಥ ಪಾಪದ ಬೆಕ್ಕಾಗಿತ್ತು! ಇಷ್ಟು ವರ್ಷದಲ್ಲಿ ಒಂದು ಲೋಟನೂ ಬೀಳ್ಸಿದ್ದಿಲ್ಲೆ. ನಿನ್ನಕ್ಕ ಎಂತಕ್ಕೆ ಕಳ್ಸಿತ್ತು ಹೇಳಿ ಇವತ್ತಿಗೂ ಎಂಗೆ ಗೊತ್ತಾಜಿಲ್ಲೆ."

ನಾನು ಚೀಲದಲ್ಲಿದ್ದ ಪಾನಾಗಳನ್ನೆಲ್ಲ ಅತ್ತೆಯ ಜಗಲಿಯಲ್ಲಿ ಸುರಿದು, ಮರಿಯನ್ನು ಆ ಚೀಲಕ್ಕೆ ಹಾಕಿಕೊಂಡು ಶಿರಸಿಯ ಬಸ್ಸು ಹತ್ತಿದೆ.

ಅಕ್ಕ ಗುಂಡಿ ಹಾಕುತ್ತಿದ್ದಳು. ಚೀಲ ಬಿಚ್ಚಿ ಮರಿಯನ್ನು ನೆಲಕ್ಕೆ ಬಿಟ್ಟೆ. ಮಚ್ಚೆ ಕಂಡದ್ದೇ ಅವಳ ಸೂಜಿ ನಿಂತಿತು.

"ಇದೆಂತಕ್ಕೆ ತಂದ್ಯ? ಎನ್ನ ಮನೇಲಿ ಬೆಕ್ಕು ಬ್ಯಾಡ ಹೇಳಿ ಗೊತ್ತಿದ್ದಲ?"

"ಅಕ್ಕಾ, ಅವತ್ತು ಮುರಿದದ್ದು ಬೆಕ್ಕಲ್ಲ. ಆನು. ಚಕ್ರದಡಿಗೆ ನಿಂಬೆಹಣ್ಣು ಇಟ್ಟಿದ್ದಿ."

"ಎಂತದು?"

"ನಿಂಬೆಹಣ್ಣು. ಹೊಸ ಗಾಡಿ ಅಲ್ದಾ ಹೇಳಿ..."

"ವಿಮಾನಕ್ಕಾ?" ಎಂದವಳು ನಗತೊಡಗಿದಳು. ಕೊರಳಲ್ಲಿದ್ದ ಅಳತೆಯ ಟೇಪು ಜಾರಿ ಬೀಳುವಷ್ಟು ನಕ್ಕಳು. ನಾನೂ ನಕ್ಕೆ, ಬದುಕಿದೆ ಎಂದುಕೊಂಡು. ಆಗ ಅವಳ ನಗು ತಟ್ಟನೆ ನಿಂತಿತು.

"ಬಾಬಿನ್ ಇದ್ದಾ?"

"ಹೋದ ಚಳಿಗಾಲದಲ್ಲಿ ಹೋತಡ ಅಕ್ಕಾ. ಇದು ಅದ್ರ ಮೊಮ್ಮಗಳು."

ಅಕ್ಕ ಎದ್ದು ಒಳಗೆ ಹೋದಳು. ಬಟ್ಟಲು ತೊಳೆಯುವ ಸದ್ದು ಕೇಳಿತು. ಆರು ವರ್ಷ ಕವುಚಿಕೊಂಡಿದ್ದ ಬಟ್ಟಲಲ್ಲಿ ಹಾಲು ತಂದು ಮರಿಯ ಮುಂದಿಟ್ಟಳು. ನನ್ನ ಕಡೆ ನೋಡಲಿಲ್ಲ. ಕಪಾಟಿನ ಬಾಗಿಲು ತೆರೆದಳು, ಸ್ಟೂಲು ಹತ್ತಿದಳು. ನಾನು ಓಡಿ ಹೋಗಿ ಸ್ಟೂಲು ಹಿಡಿದೆ. ಯಾರೂ ಮುಟ್ಟಬಾರದ ಆ ಹಲಗೆಯಿಂದ ಕುಂಟ ಸ್ಪಿಟ್‌ಫೈರನ್ನು ಇಳಿಸಿ ತಂದು ನೆಲದ ಮೇಲೆ, ಮರಿಯ ಕಾಲ ಬಳಿ ಇಟ್ಟಳು.

"ತಗಳೇ, ಆಡು. ನಿನ್ನಜ್ಜಿ ಇದ್ನ ಮುಟ್ಟಿದ್ದೇ ಇಲ್ಲೆ."